ಪ್ರೆಶರ್ ನಾರ್ಮಲ್ ಅಂದರಂತೆ, ಸಾಕಾ?

(ಅಮೆರಿಕದ ಬಾಲ್ಟಿಮೋರ್ ಕಡೆಯ ಕನ್ನಡಿಗರ ಗುಂಪಿನಲ್ಲಿ ಕಣ್ಣಿನ ಡಾಕ್ಟರ್ ಜೊತೆ ಪ್ರಶ್ನೋತ್ತರ)

ರಾಘು: ಮೇಡಂ, ನಮಸ್ಕಾರ. ಪಕ್ಕದ ಮನೆಯವರು ಆಫ್ರಿಕನ್ ಅಮೆರಿಕನ್, ವಯಸ್ಸು 52. ಗ್ಲಾಕೋಮಾದಿಂದ ಅವರಣ್ಣನ ಒಂದು ಕಣ್ಣು ಹೋಗಿದೆ. ಚರ್ಚಿನ ಉಚಿತ ಶಿಬಿರದಲ್ಲಿ ಇವರ ಕಣ್ಣಿನ ಪ್ರೆಶರ್ 18 ಬಂತು, ನಾರ್ಮಲ್ ಅಂದರಂತೆ. ಮೊನ್ನೆ ನಮ್ಮ ಮೆಟ್ಟಿಲು ಕಾಣದೆ ಎಡವಿದರು. ಆ ಟೆಸ್ಟ್ ಸಾಕಾ?

ಡಾಕ್ಟರ್: ಸಾಲದು. ಇದೇ ವಾರ ಕಳಿಸಿ. ಗ್ಲಾಕೋಮಾದಲ್ಲಿ ಕಣ್ಣಿನ ನರ ನೋವಿಲ್ಲದೆ ಹಾಳಾಗುತ್ತಾ ಹೋಗುತ್ತದೆ. ಸುತ್ತಲಿನ ನೋಟ ಮೊದಲು ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ನಮ್ಮ ಬಾಲ್ಟಿಮೋರಿನಲ್ಲೇ ಮಾಡಿದ, 1991ರಲ್ಲಿ ಪ್ರಕಟವಾದ ಸಮೀಕ್ಷೆ ಇದೆ. ಕಪ್ಪು ಜನರಲ್ಲಿ ಈ ಕಾಯಿಲೆ ಬಿಳಿಯರಿಗಿಂತ ನಾಲ್ಕೈದು ಪಟ್ಟು ಜಾಸ್ತಿ. ಕಾಯಿಲೆ ಇದ್ದವರಲ್ಲೂ ಸುಮಾರು ಅರ್ಧ ಜನರಿಗೆ ಒಮ್ಮೆ ಅಳೆದಾಗ ಪ್ರೆಶರ್ ನಾರ್ಮಲ್ ಅನ್ನುವ 21ರ ಒಳಗೇ ಇತ್ತು. ಕಪ್ಪು ಜನರ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಸರಾಸರಿ ತೆಳು ಬೇರೆ. ತೆಳುವಿದ್ದರೆ ಪ್ರೆಶರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಡ್ರಾಪ್ಸ್ ಹಾಕಿ, ಪಾಪೆ ಅಗಲ ಮಾಡಿ ನರ ನೋಡಬೇಕು. ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಆಗಬೇಕು. ಅಣ್ಣನ ವಿಷಯ ಮೊದಲೇ ಹೇಳಲಿ.

ಶೈಲಾ: ಫಾರ್ವರ್ಡ್: ಈರುಳ್ಳಿ ರಸ, ಜೇನು ಬೆರೆಸಿ ಕಣ್ಣಿಗೆ ಬಿಡಿ. 21 ದಿನದಲ್ಲಿ ಗ್ಲಾಕೋಮಾ ಮಾಯ.

ಡಾಕ್ಟರ್: ಬೇಡ. ಕಾರ್ನಿಯಾದಲ್ಲಿ ಹುಣ್ಣಾದರೆ ಇರುವ ನೋಟವೂ ಹೋಗುತ್ತದೆ.

ವಿನಯ್: ಅದು ಅವರ ರಕ್ತದಲ್ಲೇ ಇದೆ. ನಮಗೇನೂ ಭಯ ಇಲ್ಲ ಅಲ್ವಾ?

ಸುಮಾ: ರಕ್ತ ಅಂದರೆ ಮುಗೀತಾ? ಎಷ್ಟೋ ಜನರಿಗೆ ಇನ್ಶೂರೆನ್ಸ್ ಇಲ್ಲ, ರಜೆ ಸಿಗಲ್ಲ. ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ 2002ರಿಂದ 50 ದಾಟಿದ ಕಪ್ಪು ಜನರಿಗೆ ವರ್ಷಕ್ಕೊಮ್ಮೆ ತಪಾಸಣೆ ಕೊಡುತ್ತದೆ. ಆದರೆ ಮೆಡಿಕೇರ್ ಸಿಗುವುದೇ ಸಾಮಾನ್ಯವಾಗಿ 65ಕ್ಕೆ!

ವಿನಯ್: ಎಲ್ಲದಕ್ಕೂ ರಾಜಕೀಯ ತರಬೇಡಿ. ತಪಾಸಣೆಯ ಲಾಭಕ್ಕೆ ಪುರಾವೆ ಸಾಲದು ಅಂತ ಇಲ್ಲಿನ ತಜ್ಞರ ಸಮಿತಿಯೇ 2022ರಲ್ಲಿ ಹೇಳಿದೆ.

ಡಾಕ್ಟರ್: ಪೂರ್ತಿ ಓದಿ. ಅದು ಲಕ್ಷಣ ಇಲ್ಲದ ದೊಡ್ಡವರ ಬಗ್ಗೆ. ಪುರಾವೆ ಸಾಲದು ಅಂದರೆ ತಪಾಸಣೆ ಬೇಡ ಅಂತ ಅಲ್ಲ. ಇಲ್ಲಿ ಮನುಷ್ಯ ಎಡವುತ್ತಿದ್ದಾರೆ. ಕಾರಣ ವಂಶದ್ದೂ ಇದೆ, ಡಾಕ್ಟರ್ ಹತ್ತಿರ ತಡವಾಗಿ ಬರುವುದೂ ಇದೆ. ನಮಗೂ ಬರುತ್ತದೆ. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಕಾಯಿಲೆ ಇದ್ದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಅದು ಗೊತ್ತೇ ಇರಲಿಲ್ಲ.

ಲತಾ: ಅಮ್ಮನಿಗೆ ಪೊರೆ ಆಪರೇಷನ್ ಆಗಿದೆ. ಇನ್ನು ಇದು ಬರಲ್ಲ ಅಲ್ವಾ?

ಡಾಕ್ಟರ್: ಅದು ಬೇರೆ ಕಾಯಿಲೆ. ಇದೂ ಬರಬಹುದು.



ಗಿರೀಶ್: ಪ್ರೆಶರ್ ನಾರ್ಮಲ್ ಇದ್ದರೆ ಸಾಕಾ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಶೈಲಾ: ಅಜ್ಜಿ ಕಾಲದಿಂದ ಜೇನು ಬಿಡ್ತಿದ್ದೇವೆ. ಏನೂ ಆಗಿಲ್ಲ.

ಸುಮಾ: ನಿಮ್ಮ ಅಜ್ಜಿಗೆ ಗ್ಲಾಕೋಮಾ ಇತ್ತಾ?

ಶೈಲಾ: ಅಜ್ಜಿ ವಿಷಯಕ್ಕೆ ಬರಬೇಡಿ.

ಡಾಕ್ಟರ್: ಶೈಲಾ, ಆ ಮೆಸೇಜ್ ಅಳಿಸಿ. ರಾಘು, ಅಪಾಯಿಂಟ್‌ಮೆಂಟ್ ಸಿಕ್ಕಿತಾ?

ರಾಘು: ಗುರುವಾರ ಬೆಳಿಗ್ಗೆ 9ಕ್ಕೆ. ಡ್ರಾಪ್ಸ್ ಹಾಕಿದ ಮೇಲೆ ಕಾರು ಓಡಿಸೋಕೆ ಕಷ್ಟ ಅಲ್ವಾ, ನಾನೇ ಕರ್ಕೊಂಡು ಹೋಗ್ತೀನಿ.