ಪದಚರ್ಚೆ: ಸೆನ್ಸರ್ ಹಿಂದೆ ‘ಸೂಕ್ಷ್ಮ’ ಸೇರಿದರೆ ಅರ್ಥ ಏನಾಗುತ್ತದೆ?

ಬಳಗದ ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಹತ್ತಿರದ ಹೈಸ್ಕೂಲೊಂದರ ವಿಜ್ಞಾನ ಪ್ರದರ್ಶನಕ್ಕೆ ಕನ್ನಡದಲ್ಲಿ ಫಲಕ ಬರೆಯುತ್ತಿದ್ದೇನೆ. ವಿಷಯ ಮೈಕ್ರೋಟೆಕ್ನಾಲಜಿ, ಮೈಕ್ರೋಸಿಸ್ಟಮ್. ಅಂದರೆ ಮಿಲಿಮೀಟರಿಗಿಂತ ಎಷ್ಟೋ ಚಿಕ್ಕ ಭಾಗಗಳನ್ನು ಮಾಡುವ ತಂತ್ರಜ್ಞಾನ, ಅಂಥ ಭಾಗಗಳಿರುವ ಪುಟ್ಟ ಸಾಧನ. ಉದಾಹರಣೆಗೆ ಅಂತ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್ ಊರಿನ ಸಿಎಸ್‌ಇಎಂ ಸಂಸ್ಥೆಯನ್ನು ತೆಗೆದುಕೊಂಡೆ. ಕೈಗಡಿಯಾರದ ಮೇಲೆ ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಗಳನ್ನು ಒಟ್ಟುಗೂಡಿಸಿ 1984ರಲ್ಲಿ ಕಟ್ಟಿದ ಸಂಸ್ಥೆ ಅದು. ಅವುಗಳಲ್ಲೊಂದು 1967ರಲ್ಲೇ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ಮಾಡಿತ್ತು. ಪ್ರಯೋಗಾಲಯದಲ್ಲಿ ಹುಟ್ಟಿದ ವಿಚಾರವನ್ನು ಕಾರ್ಖಾನೆಗೆ ಮುಟ್ಟಿಸುವುದು ಇಂಥ ಸಂಸ್ಥೆಗಳ ಕೆಲಸ. ‘ಅನ್ವಯಿಕ ಸಂಶೋಧನಾ ಸಂಸ್ಥೆ’ ಅಂತ ಬರೆದಿದ್ದೇನೆ. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ‘ಸೂಕ್ಷ್ಮ’ದ ಬಗ್ಗೆ. ಮೈಕ್ರೋಗೆ ಸೂಕ್ಷ್ಮ ಅನ್ನುವುದು ರೂಢಿ. ಸೂಕ್ಷ್ಮದರ್ಶಕ, ಸೂಕ್ಷ್ಮಾಣು ಎಲ್ಲರಿಗೂ ಗೊತ್ತು. ಆದರೆ ಮೈಕ್ರೋಸೆನ್ಸರ್‌ಗೆ (ಸೆನ್ಸರ್ ಅಂದರೆ ಅಲುಗಾಟ, ಬಿಸಿಯಂಥದ್ದನ್ನು ಅರಿಯುವ ಸಾಧನ) ‘ಸೂಕ್ಷ್ಮ ಸಂವೇದಕ’ ಅಂತ ಬರೆದ ಕರಡನ್ನು ಪಕ್ಕದ ತೋಟದವರು ಓದಿ, ‘ಹಂಗಾರೆ ಇದನ್ನ ಮಳೇಲಿ ಇಡಕ್ಕಾಗಲ್ವಾ?’ ಅಂತ ಕೇಳಿದರು. ಕೇಳಿದ್ದು ಸರಿಯಾಗೇ ಇದೆ. ಸೂಕ್ಷ್ಮ ಮನಸ್ಸು, ಸೂಕ್ಷ್ಮ ವಿಚಾರ, ಸೂಕ್ಷ್ಮ ಮತಗಟ್ಟೆ ಅನ್ನುವಾಗ ಯಾರೂ ಅಳತೆ ಹೇಳುತ್ತಿರುವುದಿಲ್ಲ. ನಮ್ಮ ಮಲೆನಾಡಿನಲ್ಲಂತೂ ಸೂಕ್ಷ್ಮ ಅಂದ ಕೂಡಲೇ ಪರಿಸರ ಸೂಕ್ಷ್ಮ ವಲಯ ನೆನಪಾಗುತ್ತದೆ. ಮುಟ್ಟಿದರೆ ಕೆಡುತ್ತದೆ, ಹುಷಾರು ಅನ್ನುವ ಅರ್ಥವೇ ಮುಂದೆ ಬರುತ್ತದೆ.

ವಿಷಯಕ್ಕೆ ಬಂದರೆ ಈ ಅರ್ಥ ತಪ್ಪು ದಾರಿಗೇ ಎಳೆಯುತ್ತದೆ. ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ತಿರುಗುತ್ತದೆ ಅಲ್ವಾ? ಅದಕ್ಕೆ ಕಾರಣ ಒಳಗಿರುವ ಆಕ್ಸೆಲೆರೋಮೀಟರ್, ಅಂದರೆ ಅಲುಗಾಟ, ವಾಲಿಕೆಯನ್ನು ಅರಿಯುವ ಮೈಕ್ರೋಸೆನ್ಸರ್. ಸಿಲಿಕಾನಿನ ಒಂದು ತುಣುಕು ತೆಳು ಸ್ಪ್ರಿಂಗುಗಳಲ್ಲಿ ತೂಗಾಡುತ್ತಿರುತ್ತದೆ. ಅದರ ಅಂಚಿಗೆ ಬಾಚಣಿಗೆಯಂಥ ಹಲ್ಲುಗಳು. ಎದುರಿಗೆ ಅಲುಗದ ಇನ್ನೊಂದು ಸಾಲು ಹಲ್ಲು. ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು. ತುಣುಕು ಅಲುಗಿದರೆ ಸಂದು ಬದಲಾಗುತ್ತದೆ, ಚಿಪ್ ಆ ಬದಲಾವಣೆಯನ್ನು ವಿದ್ಯುತ್ತಿನಲ್ಲಿ ಅಳೆಯುತ್ತದೆ. ತುಣುಕು ಚಿಕ್ಕದಾದಷ್ಟೂ ತೂಕ ಕಡಿಮೆ, ಹಾಗಾಗಿ ಅದೇ ಸ್ಪ್ರಿಂಗಿನಲ್ಲಿ ಅಲುಗುವುದೂ ಕಡಿಮೆ. ಚಿಕ್ಕದು ಮಾಡುತ್ತಾ ಹೋದರೆ ಸೂಕ್ಷ್ಮತೆ, ಅಂದರೆ ಸಣ್ಣ ಅಲುಗಾಟವನ್ನೂ ಗುರುತಿಸುವ ಶಕ್ತಿ, ತಾನಾಗಿ ಜಾಸ್ತಿ ಆಗುವುದಿಲ್ಲ. ನಾಜೂಕೂ ಅಲ್ಲ: ತೂಕ ತೀರಾ ಕಡಿಮೆ ಇರುವುದರಿಂದ ಮೊಬೈಲ್ ನೆಲಕ್ಕೆ ಬಿದ್ದರೂ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಓದುವ ಮಕ್ಕಳಿಗೆ ಒಂದೇ ಪದದಲ್ಲಿ ಎರಡು ಸುಳ್ಳು ಹೇಳಿದ ಹಾಗಾಯಿತು.

‘ಕಿರು’ ಹಾಕಿ ನೋಡಿದೆ. ಕಿರುಚಿತ್ರ, ಕಿರುಸೇತುವೆ ಕೇಳಿದ ಕಿವಿಗೆ ಕಿರುಸೆನ್ಸರ್ ಅಂದರೆ ಬೆಂಕಿಪೊಟ್ಟಣದಷ್ಟು ಅನಿಸುತ್ತದೆ. ನನ್ನ ಮಟ್ಟಿಗೆ ಮೈಕ್ರೋಸೆನ್ಸರ್, ಮೈಕ್ರೋಸಿಸ್ಟಮ್ ಅಂತಲೇ ಇಟ್ಟು, ಸೂಕ್ಷ್ಮತೆ ಅನ್ನುವ ಪದವನ್ನು ಸೆನ್ಸಿಟಿವಿಟಿಗೆ ಮೀಸಲಿಡುವುದು ಒಳ್ಳೆಯದು. ಪಠ್ಯಪುಸ್ತಕ ಬರೆದ ಅನುಭವ ಇರುವವರು ಒಪ್ಪುತ್ತೀರಾ?

ಇನ್ನೊಂದು ಪದ ಎಚಿಂಗ್, ಅಂದರೆ ಸಿಲಿಕಾನಿನಂಥ ಪದರದಲ್ಲಿ ಬೇಡದ ಭಾಗವನ್ನು ತೆಗೆದು ಆಕಾರ ಕೊಡುವುದು. ಇದಕ್ಕೆ ‘ಕೆತ್ತನೆ’ ಅನ್ನುವುದನ್ನು ನೋಡಿದ್ದೇನೆ. ಸಾಗರ, ಸೊರಬದ ಗುಡಿಗಾರರು ಗಂಧದ ಮರದಲ್ಲಿ ಮಾಡುವುದು ಕೆತ್ತನೆ. ಅಲ್ಲಿ ಉಳಿ ಇದೆ, ಕೈ ಇದೆ. ಇಲ್ಲಿ ಆ ಕೆಲಸ ಮಾಡುವುದು ರಾಸಾಯನಿಕ ಅಥವಾ ಅನಿಲ. ಅದು ಕೆಳಕ್ಕೆ ಇಳಿಯುವುದಷ್ಟೇ ಅಲ್ಲ, ಎಷ್ಟೋ ಸಲ ಪಕ್ಕಕ್ಕೂ ನುಗ್ಗಿ ಮೇಲಿನ ಪದರದ ಅಡಿಯನ್ನೇ ಟೊಳ್ಳು ಮಾಡುತ್ತದೆ. ನನಗೆ ‘ಕೊರೆತ’ ಹೆಚ್ಚು ಹತ್ತಿರ ಅನಿಸುತ್ತದೆ. ಮಳೆಗಾಲದಲ್ಲಿ ಹೊಳೆ ದಂಡೆ ಕೊರೆಯುವುದನ್ನು ಕಂಡ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ಕೊರೆಯುವುದರ ಜೊತೆ ಗೊಂದಲ ಆಗಬಹುದು ಅನ್ನುವುದೊಂದೇ ಅಳುಕು. ‘ತುಕ್ಕು ತಿಂದಿದೆ’ ಅನ್ನುವ ಹಾಗೆ ‘ಆಮ್ಲದಿಂದ ತಿನ್ನಿಸುವುದು’ ಅಂದರೆ ಹೇಗೆ?

ಕೊನೆಯದು ನಿಜಕ್ಕೂ ಕಷ್ಟದ್ದು: ಸ್ಯಾಕ್ರಿಫಿಶಿಯಲ್ ಲೇಯರ್. ಮೇಲೆ ಹೇಳಿದ ತೂಗಾಡುವ ತುಣುಕನ್ನು ಮಾಡುವ ಒಂದು ವಿಧಾನ ಹೀಗಿದೆ. ಮೊದಲು ಸಿಲಿಕಾನ್ ಡೈಆಕ್ಸೈಡ್ ಪದರ ಹಾಕುತ್ತಾರೆ, ಅದರ ಮೇಲೆ ಸಿಲಿಕಾನ್ ಪದರ. ಬೇಕಾದ ಆಕಾರ ಬಿಡಿಸಿದ ಮೇಲೆ ಹೈಡ್ರೋಫ್ಲೋರಿಕ್ ಆಮ್ಲದಿಂದ ಕೆಳಗಿನ ಪದರ ತೆಗೆದುಬಿಡುತ್ತಾರೆ. ಆ ಆಮ್ಲ ಆಕ್ಸೈಡನ್ನು ಕರಗಿಸುತ್ತದೆ, ಸಿಲಿಕಾನಿನ ತಂಟೆಗೆ ಹೋಗುವುದಿಲ್ಲ. ಮನೆಗೆ ತಾರಸಿ ಹಾಕುವಾಗ ಸೆಂಟ್ರಿಂಗ್ ಹೊಡೆದು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚುವುದಿಲ್ಲವೇ, ಹಾಗೆ. ‘ಬಲಿಪದರ’ ಅಂತ ಬರೆದರೆ ಓದುವವರ ಮನಸ್ಸು ಬೇರೆಲ್ಲೋ ಹೋಗುತ್ತದೆ. ‘ಆಸರೆಪದರ’ ಅಂದರೆ ಆಮೇಲೆ ತೆಗೆಯುತ್ತಾರೆ ಅನ್ನುವುದು ಬಿಟ್ಟುಹೋಗುತ್ತದೆ. ‘ಕಳಚುಪದರ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ.

ಗುಡಿಗಾರರ ಮನೆಗಳ ಜೊತೆ ಒಡನಾಟ ಇರುವವರು ಬಳಗದಲ್ಲಿದ್ದರೆ ಒಂದು ವಿಚಾರಿಸಿ. ಜಾಲರಿ ಕೆಲಸದಲ್ಲಿ ಬಳ್ಳಿಯ ಅಡಿಯಿಂದ ಮರ ತೆಗೆದು ಅದನ್ನು ಬಿಡಿಸಿಕೊಳ್ಳುವುದಕ್ಕೆ ಅವರು ಏನನ್ನುತ್ತಾರೆ? ಹಾಗೆಯೇ ಗಾರೆ ಕೆಲಸದವರಲ್ಲಿ, ಆಮೇಲೆ ತೆಗೆಯುವುದಕ್ಕೆಂದೇ ಕೊಡುವ ಆಸರೆಗೆ ಸೆಂಟ್ರಿಂಗ್ ಬಿಟ್ಟು ಹಳೆಯ ಪದ ಏನಾದರೂ ಇದೆಯೇ? ಫಲಕ ಇನ್ನೂ ಅಚ್ಚಿಗೆ ಕೊಟ್ಟಿಲ್ಲ.