ಶಿಕಾಗೊದ ವೆಸ್ಟರ್ನ್ ಅವೆನ್ಯೂ ಪೂರ್ತಿ ನಡೆದವರು ಇದ್ದೀರಾ? ಅನುಭವ ಹೇಳಿ

ಮಂಜಿನೂರವ:
ಎಲ್ಲರಿಗೂ ನಮಸ್ಕಾರ. ಊರು ಮಡಿಕೇರಿ, ವಯಸ್ಸು 61, ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಆಗಸ್ಟ್‌ನಲ್ಲಿ ಮಗಳ ಮನೆಗೆ ಶಿಕಾಗೊಗೆ ಹೊರಟಿದ್ದೇನೆ. ಅಲ್ಲಿ ವೆಸ್ಟರ್ನ್ ಅವೆನ್ಯೂ ಅಂತ ಒಂದು ರಸ್ತೆ, ಊರಿನ ಉತ್ತರದ ಅಂಚಿನ ಹೋವರ್ಡ್ ಸ್ಟ್ರೀಟ್‌ನಿಂದ ದಕ್ಷಿಣದ 119ನೇ ಬೀದಿವರೆಗೆ ಒಂದೇ ನೇರಕ್ಕೆ ಹೋಗುತ್ತಂತೆ, ಸುಮಾರು 38 ಕಿ.ಮೀ. ಅದನ್ನು ನಡೆಯುವ ಆಸೆ. ಒಂದೇ ದಿನದಲ್ಲಿ ಆಗುತ್ತಾ, ಎರಡು ದಿನ ಮಾಡಲಾ? ಸಕ್ಕರೆ ಇರುವವರು ಮಧ್ಯೆ ಮಧ್ಯೆ ಏನು ತಿನ್ನಬೇಕು? ಒಬ್ಬನೇ ಹೋಗಬಹುದಾ? ನಡೆದವರು ಮಾತ್ರ ಹೇಳಿ, ದಯವಿಟ್ಟು.

ಪೊನ್ನಂಪೇಟೆ ರೋಬಸ್ಟಾ:
ನಡೆದಿದ್ದೇನೆ ಸಾರ್, 2019ರ ಜುಲೈನಲ್ಲಿ, ಮಗನ ಮನೆಗೆ ಹೋದಾಗ. ದಕ್ಷಿಣದಿಂದ ಉತ್ತರಕ್ಕೇ ನಡೆಯಿರಿ, ಇದರಲ್ಲಿ ಎರಡು ಮಾತಿಲ್ಲ. ಉತ್ತರಕ್ಕೆ ಮುಖ ಮಾಡಿದರೆ ಮಧ್ಯಾಹ್ನವೆಲ್ಲ ಬಿಸಿಲು ಬೆನ್ನಿಗೆ. ಉಲ್ಟಾ ನಡೆದು ಮುಖ ಸುಟ್ಟ ಬದನೆಕಾಯಿ ಮಾಡಿಕೊಂಡವರನ್ನು ನೋಡಿದ್ದೇನೆ.

ಶೂ ವಿಷಯ. ಮೈಸೂರಿನ ಅಂಗಡಿಯಲ್ಲಿ 7,499 ಕೊಟ್ಟೆ. ಅಂಗಡಿಯವ ಹೆಬ್ಬೆರಳು ಒತ್ತಿ ನೋಡಿ "ಕರೆಕ್ಟ್ ಸೈಜ್ ಸಾರ್" ಅಂದ. ಕರೆಕ್ಟ್ ಸೈಜ್ ಅಲ್ಲಿ ಅಂಗಡಿ ಒಳಗೆ. ನಡೆದಷ್ಟೂ ಪಾದ ಊದುತ್ತೆ ಅನ್ನೋದು ಶೂ ಮಾರುವವನಿಗೆ ಗೊತ್ತಿರಬೇಡವಾ? 63ನೇ ಬೀದಿ ಹತ್ತಿರ ಬರುವಾಗ ಬೆರಳು ಮುಂದಕ್ಕೆ ಬಡಿಯಲು ಶುರು. ಅಲ್ಲೇ ಹತ್ತಿರದಲ್ಲಿ ಅರ್ಧ ಸೈಜ್ ದೊಡ್ಡದು ತಗೊಂಡೆ. ಚೀಟಿ ಮೇಲೆ 84 ಡಾಲರ್, ಕೌಂಟರ್‌ಗೆ ಹೋದರೆ 10.25 ಪರ್ಸೆಂಟ್ ತೆರಿಗೆ ಸೇರಿಸಿ 92.61. ಆಗಿನ ಲೆಕ್ಕದಲ್ಲಿ ಆರು ಸಾವಿರದ ಮೇಲೆ. ಹಳೇ ಶೂ ಬ್ಯಾಗಿನಲ್ಲಿ ಹೊತ್ತುಕೊಂಡೇ ನಡೆದೆ, ಎಸೆಯಲು ಮನಸ್ಸು ಬರಲಿಲ್ಲ. ಹೆಬ್ಬೆರಳಿನ ಉಗುರು ಎರಡೂ ಕಪ್ಪಾಗಿ, ಕಾಫಿ ಕೊಯ್ಲಿನ ಹೊತ್ತಿಗೆ ಉದುರಿದವು.

ದಾರಿಯಲ್ಲಿ ಮೊದಲು ಬೆವರ್ಲಿ ಬಡಾವಣೆ ಕಡೆ ಐರಿಷ್ ಬಾರ್‌ಗಳು. ಆಮೇಲೆ ಮೈಲಿಗಟ್ಟಲೆ ಹಳೇ ಕಾರು ಮಾರುವ ಮೈದಾನ. 55ರಿಂದ 31ನೇ ಬೀದಿವರೆಗೆ ಪಕ್ಕದಲ್ಲೇ ವೆಸ್ಟರ್ನ್ ಬುಲೆವಾರ್ಡ್ ಬರುತ್ತೆ, ಹುಲ್ಲು, ಮರ, ನೆರಳು. ಅಲ್ಲಿ ಕೂತು ಸಾಕ್ಸ್ ಬದಲಾಯಿಸಿ. ನನ್ನನ್ನು ಸುಸ್ತು ಮಾಡಿದ್ದು ಸಿಗ್ನಲ್. ಒಂದರ ಹಿಂದೆ ಒಂದು, ಐದಾರು ಸಿಗ್ನಲ್ ಒಟ್ಟಿಗೇ ಕಾಣುತ್ತೆ, ಎಷ್ಟು ನಡೆದರೂ ಹತ್ತಿರ ಬರಲ್ಲ. ನಮ್ಮಲ್ಲಾದರೆ ತಿರುವು ಕಳೆದರೆ ಏನೋ ಇದೆ ಅನ್ನುವ ಆಸೆ ಇರುತ್ತೆ.

ಇನ್ನೊಂದು. ಮಗನಿಗೆ "ವೆಸ್ಟರ್ನ್ ಸ್ಟೇಷನ್ ಹತ್ತಿರ ಬಾ, ನೀರು ತಾ" ಅಂತ ಫೋನ್ ಮಾಡಿದೆ. ಆ ಊರಲ್ಲಿ ವೆಸ್ಟರ್ನ್ ಹೆಸರಿನ ಮೆಟ್ರೊ ಸ್ಟೇಷನ್ ಐದು! ಆರೆಂಜ್, ಪಿಂಕ್, ಬ್ರೌನ್ ಲೈನ್‌ಗಳಲ್ಲಿ ಒಂದೊಂದು, ಬ್ಲೂ ಲೈನ್ ಒಂದರಲ್ಲೇ ಎರಡು. ಅವನು ಬ್ಲೂ ಲೈನಿನ ಒಂದರಲ್ಲಿ, ನಾನು ಇನ್ನೊಂದರಲ್ಲಿ. ರೈಲೇ ಇಲ್ಲದ ಜಿಲ್ಲೆಯವರು ನಾವು, ಅಲ್ಲೇ ಇರುವ ಮಗನಾದರೂ ಕೇಳಬೇಡವಾ ಯಾವುದು ಅಂತ.

ಡೆವನ್ ಅವೆನ್ಯೂ ಮೂಲೆಗೆ ಬಂದಾಗ ಸಂಜೆ. ನಮ್ಮ ದೇಶದ ಅಂಗಡಿಗಳೇ, ಒಂದು ಭಾಗಕ್ಕೆ ಗಾಂಧಿ ಮಾರ್ಗ ಅಂತ ಬೋರ್ಡೂ ಇದೆ. ಮಸಾಲೆ ದೋಸೆ ತಿಂದೆ. ತೃಪ್ತಿಯಾಯಿತು.

ಸೋಮವಾರಪೇಟೆ ಅಕ್ಕ:
ಅಣ್ಣಾ, ಡೆವನ್ ಇರುವುದು 6400 ಉತ್ತರದಲ್ಲಿ. ಹೋವರ್ಡ್ 7600. ಇವು ಮನೆ ನಂಬರ್, ಅಲ್ಲಿ 800 ನಂಬರಿಗೆ ಒಂದು ಮೈಲಿ. ಅಂದರೆ ನೀವು ಇನ್ನೂ ಒಂದೂವರೆ ಮೈಲಿ ಬಾಕಿ ಇಟ್ಟು ದೋಸೆಗೆ ಕೂತಿರಿ. ಆಮೇಲೆ ಎದ್ದಿರೋ?

ಪೊನ್ನಂಪೇಟೆ ರೋಬಸ್ಟಾ:
ಒಂದೂವರೆ ಮೈಲಿಯಲ್ಲಿ ಏನಿದೆ ನೋಡೋಕೆ? ನಡೆದದ್ದು ನಡೆದದ್ದೇ.

ಕೆಂಗೇರಿ ಬಸ್ಸು:
ನಾನು ಅಮೆರಿಕಕ್ಕೆ ಹೋದವನಲ್ಲ. ಆದರೆ ಬೆಂಗಳೂರಿನ ಮೈಸೂರು ರಸ್ತೆ ಕೆಂಗೇರಿಯಿಂದ ಮಾರ್ಕೆಟ್‌ವರೆಗೆ ನಡೆದಿದ್ದೇನೆ. ಕೊಡಗಿನವರೆಲ್ಲ ಆ ರಸ್ತೆಯನ್ನು ಬಸ್ಸಿನ ಕಿಟಕಿಯಲ್ಲೇ ನೋಡಿದವರು. ಆನೆಕಾಡು ದಾಟಿ, ಮೈಸೂರು ದಾಟಿ, ನಿದ್ದೆ ಮುಗಿಸಿ ಎದ್ದರೂ ಸ್ಯಾಟಲೈಟ್ ಬಸ್ ನಿಲ್ದಾಣ ಬಂದಿರಲ್ಲ. ಒಂದು ದಿನ ಬಸ್ಸು ನಿಂತೇ ಬಿಟ್ಟಿತು, ಇಳಿದು ನಡೆದೆ.

ಖರ್ಚು ಬರೀತೀನಿ ಕೇಳಿ. ಮೂಗಿಗೆ ಮಾಸ್ಕ್ 40 ರೂಪಾಯಿ, ಯಾಕಂದರೆ ಪಕ್ಕದಲ್ಲೇ ವೃಷಭಾವತಿ. ನದಿ ಅಂತ ಹೆಸರು, ಹರಿಯೋದು ಊರಿನ ಕೊಳೆ. ಆ ವಾಸನೆ ಶರ್ಟಿನಿಂದ ಎರಡು ಒಗೆತಕ್ಕೂ ಹೋಗಲಿಲ್ಲ. ರಾಜರಾಜೇಶ್ವರಿ ನಗರದ ಹತ್ತಿರ ಫುಟ್‌ಪಾತ್ ಚಪ್ಪಡಿ ಒಂದು ಸೀಸಾ ಮಣೆ ಥರ ಎದ್ದಿತು, ಮೊಣಕಾಲು ಚರ್ಮ ಕಿತ್ತು ಬಂತು. ಟಿಟಿ ಇಂಜೆಕ್ಷನ್, ಡ್ರೆಸಿಂಗ್ 380. ಪ್ಯಾಂಟು 1,200ರದ್ದು, ದರ್ಜಿ ರಫು ಮಾಡಲು 150 ಕೇಳಿದ. ಪಾದಚಾರಿಗೆ ಅಂತ ಅಲ್ಲಿ ಇರುವುದು ಮೆಟ್ರೊ ಕಂಬದ ನೆರಳು ಒಂದೇ, ಅದೂ ರಸ್ತೆಯ ನಡುಮಧ್ಯೆ. ಗಾಳಿ ಆಂಜನೇಯನಿಗೆ ಕೈ ಮುಗಿದು, ಸಿರ್ಸಿ ಸರ್ಕಲ್ ಮೇಲ್ಸೇತುವೆ ಕೆಳಗೆ ಹೋಗಿ ಮಾರ್ಕೆಟ್ ಮುಟ್ಟಿದೆ. ಶಿಕಾಗೊದಲ್ಲಿ ನಡೆಯೋದು ಏನು ದೊಡ್ಡ ವಿಷಯ ಬಿಡಿ, ಫುಟ್‌ಪಾತ್ ಇದೆಯಲ್ಲ.

ಪೊನ್ನಂಪೇಟೆ ರೋಬಸ್ಟಾ:
ಮೈಸೂರು ರಸ್ತೆ ನೇರವಾ? ನಾಯಂಡಹಳ್ಳಿ ದಾಟೋದರೊಳಗೆ ಎಷ್ಟು ಸಲ ಬಳುಕುತ್ತೆ ಲೆಕ್ಕ ಹಾಕಿದ್ದೀರಾ? ಅವರು ಕೇಳಿದ್ದು ನೇರ ರಸ್ತೆ.

ಕೆಂಗೇರಿ ಬಸ್ಸು:
ದೋಸೆಗೆ ಕೂತವರು ನೇರದ ಬಗ್ಗೆ ಪಾಠ ಮಾಡಬೇಡಿ.

ಸೋಮವಾರಪೇಟೆ ಅಕ್ಕ:
ನಾನು ಪೂರ್ತಿ ನಡೆದವಳು. ಉತ್ತರದಿಂದ ದಕ್ಷಿಣಕ್ಕೆ, ಸೊಸೆ ಜೊತೆ, ಅಕ್ಟೋಬರ್‌ನಲ್ಲಿ, ಎರಡು ದಿನ ಮಾಡಿ. ಬಿಸಿಲು ಮುಖಕ್ಕೆ ಅಂತ ಹೆದರಿಸುತ್ತಾರಲ್ಲ, ಟೋಪಿ ಅಂತ ಒಂದು ವಸ್ತು ಇದೆ. ಡೆವನ್ ಮೊದಲೇ ಬಂದುಬಿಡುತ್ತೆ, ಹೊಟ್ಟೆ ತುಂಬಿಸಿಕೊಂಡು ಹೊರಡಬಹುದು. ಬಾತ್‌ರೂಮಿಗೆ ಪೆಟ್ರೋಲ್ ಬಂಕ್ ನಂಬಬೇಡಿ, ಕೆಲವರು ಬೀಗ ತೋರಿಸುತ್ತಾರೆ. ಪಬ್ಲಿಕ್ ಲೈಬ್ರರಿಗೆ ನುಗ್ಗಿ, ಯಾರೂ ಏನೂ ಕೇಳಲ್ಲ.

ಬೀದಿ ಲೆಕ್ಕದಲ್ಲಿ ಒಂದು ಮೋಸ ಇದೆ. ಎಂಟು ಬೀದಿಗೆ ಒಂದು ಮೈಲಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಉತ್ತರ ದಕ್ಷಿಣದ ನಂಬರ್ ಸೊನ್ನೆಯಿಂದ ಶುರುವಾಗುವ ಮ್ಯಾಡಿಸನ್ ಸ್ಟ್ರೀಟ್‌ನಿಂದ ದಕ್ಷಿಣಕ್ಕೆ ಮೊದಲ ಮೂರು ಮೈಲಿ ಹಾಗಲ್ಲ: ಒಂದನೇ ಮೈಲಿಗೆ 12ನೇ ಬೀದಿ (ಈಗ ರೂಸ್‌ವೆಲ್ಟ್ ಅನ್ನುತ್ತಾರೆ), ಎರಡನೆಯದಕ್ಕೆ 22, ಮೂರನೆಯದಕ್ಕೆ 31. ಅಲ್ಲಿಂದಾಚೆ ಎಂಟರ ಲೆಕ್ಕ ಸರಿ. ಉತ್ತರದಲ್ಲಿ ಒಂಬತ್ತೂವರೆ, ದಕ್ಷಿಣದಲ್ಲಿ ಹದಿನಾಲ್ಕು, ಕೂಡಿದರೆ ಇಪ್ಪತ್ಮೂರೂವರೆ ಮೈಲಿ. ಇದು ಗೊತ್ತಿಲ್ಲದೆ ಸೊಸೆ "ಅತ್ತೆ, ನೀವು ನಿಧಾನ ಆದಿರಿ" ಅಂತ ಆರಾಮಾಗಿ ಹೇಳಿದಳು. ನಾನು ನಿಧಾನ ಆಗಿರಲಿಲ್ಲ.

ಆಮೇಲೆ ಊರಿಗೆ ಬಂದು ಹಿಮ್ಮಡಿ ನೋವು. ಮೈಸೂರಲ್ಲಿ ಎಕ್ಸ್‌ರೇ 600, ಡಾಕ್ಟರ್ ಫೀಸು 700, ಫಿಸಿಯೋದವರು ಒಂದು ಸಲಕ್ಕೆ 500, ಸಿಲಿಕಾನ್ ಹೀಲ್ ಕಪ್ 450. ಹೋಗಿ ಬರಲು ಕಾರಿಗೆ ಡೀಸೆಲ್ ಬೇರೆ. ಯಜಮಾನರು ಇವತ್ತಿಗೂ "ವೆಸ್ಟರ್ನ್ ಮೇಡಂ" ಅಂತಲೇ ಕರೆಯೋದು.

ಸಂಪಾಜೆ ಘಾಟಿ:
ಹಿಮ್ಮಡಿ ನೋವು ಬರದೆ ಇನ್ನೇನು ಮಾರಾಯ್ರೆ. ಗುಡ್ಡ ಹತ್ತಿ ಇಳಿಯುವವರಿಗೆ ಸಮತಟ್ಟು ಆಗಲ್ಲ. ಏರಿನಲ್ಲಿ ಒಂದು ಸ್ನಾಯು, ಇಳಿಜಾರಿನಲ್ಲಿ ಇನ್ನೊಂದು, ಒಂದಕ್ಕೆ ಕೆಲಸ ಆಗುವಾಗ ಇನ್ನೊಂದಕ್ಕೆ ಸ್ವಲ್ಪ ಬಿಡುವು. ಸಮತಟ್ಟು ಕಾಂಕ್ರೀಟಿನಲ್ಲಿ ಅದೇ ಜಾಗಕ್ಕೆ ಅದೇ ಪೆಟ್ಟು, ಬೆಳಿಗ್ಗೆಯಿಂದ ಸಂಜೆವರೆಗೆ. ಅಭ್ಯಾಸಕ್ಕೆ ಕುಶಾಲನಗರದಿಂದ ಮಡಿಕೇರಿಗೆ ಒಂದು ಸಲ ನಡೆಯಿರಿ, 30 ಕಿ.ಮೀ. ಚಿಲ್ಲರೆ, ದುಡ್ಡಿಲ್ಲ ಕಾಸಿಲ್ಲ. ನಾನು ಬೆಳಿಗ್ಗೆ ಐದಕ್ಕೆ ಹೊರಟು ಸುಂಟಿಕೊಪ್ಪದಲ್ಲಿ ತಿಂಡಿ ತಿಂದಿದ್ದೇನೆ.

ಸೋಮವಾರಪೇಟೆ ಅಕ್ಕ:
ಆ ದಾರಿಯ ಆನೆಕಾಡಲ್ಲಿ ಬೆಳಿಗ್ಗೆ ಐದಕ್ಕೆ ಒಬ್ಬನೇ ನಡೆ ಅಂತ 61 ವರ್ಷದವರಿಗೆ ಹೇಳುತ್ತೀರಾ? ಆ ಹೆಸರು ಸುಮ್ಮನೆ ಬಂದಿದೆ ಅಂದುಕೊಂಡಿರಾ?

ಸಂಪಾಜೆ ಘಾಟಿ:
ನನಗೇನೂ ಆಗಲಿಲ್ಲ ಅಲ್ಲ.

ಮಂಜಿನೂರವ:
ಸಕ್ಕರೆ ಬಗ್ಗೆ ಯಾರಾದರೂ...

ಗೋಣಿಕೊಪ್ಪ ಸಿಸ್ಟರ್:
ಸಾರ್, ತಿನ್ನೋದಕ್ಕಿಂತ ಮೊದಲು ಪಾದ ನೋಡಿಕೊಳ್ಳಿ. ಸಕ್ಕರೆ ಹಳೆಯದಾದರೆ ಪಾದದ ಸ್ಪರ್ಶ ಮಂದ ಆಗಿರುತ್ತೆ, ಬೊಬ್ಬೆ ಬಂದರೂ ಗೊತ್ತಾಗಲ್ಲ. ಗಂಟೆಗೊಮ್ಮೆ ಸಾಕ್ಸ್ ಬಿಚ್ಚಿ ಕಣ್ಣಾರೆ ನೋಡಿ. ಮಾತ್ರೆಯ ಡೋಸು ನಡೆಯುವ ದಿನ ಬದಲಾಗಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಜೇಬಲ್ಲಿ ಗ್ಲೂಕೋಸ್ ಇರಲಿ. ನಮ್ಮ ಅಪ್ಪ ಮಳೆಗಾಲದಲ್ಲಿ ಗಂಬೂಟು ಹಾಕಿ ತೋಟ ಸುತ್ತುತ್ತಿದ್ದರು. ಬೂಟಿನೊಳಗೆ ಒಂದು ಸಣ್ಣ ಕಲ್ಲು, ದಿನವೆಲ್ಲ ಮೆಟ್ಟಿದ್ದಾರೆ, ಗೊತ್ತೇ ಆಗಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ರೂಮು, ಡ್ರೆಸಿಂಗ್, ಆಂಟಿಬಯೋಟಿಕ್ ಅಂತ ಆ ವರ್ಷದ ಕರಿಮೆಣಸಿನ ದುಡ್ಡು ಪೂರ್ತಿ ಹೋಯಿತು.

ಪೊನ್ನಂಪೇಟೆ ರೋಬಸ್ಟಾ:
ಗಂಬೂಟಿನ ವಿಷಯ ಸರಿ. ಆದರೆ ಬೂಟು ಹಾಕದಿದ್ದರೆ ಜಿಗಣೆ.

ಕೆಂಗೇರಿ ಬಸ್ಸು:
ಜಿಗಣೆಗೆ ಹೊಗೆಸೊಪ್ಪಿನ ನೀರು ಹಚ್ಚಿದರೆ ಆಯಿತು. ಬೂಟು ಯಾಕೆ?

ಸಂಪಾಜೆ ಘಾಟಿ:
ಹೊಗೆಸೊಪ್ಪು ಮಳೆಗೆ ಹತ್ತು ನಿಮಿಷದಲ್ಲಿ ತೊಳೆದು ಹೋಗುತ್ತೆ. ಬೇವಿನೆಣ್ಣೆಗೆ ಉಪ್ಪು. ಬೆಂಗಳೂರಲ್ಲಿ ಕೂತವರಿಗೆ ಜಿಗಣೆ ವಿಷಯ ಯಾಕೆ?

ಕೆಂಗೇರಿ ಬಸ್ಸು:
ನಾನು ಹುಟ್ಟಿ ಬೆಳೆದದ್ದು ಭಾಗಮಂಡಲದಲ್ಲಿ. ತಲಕಾವೇರಿಗೆ ಸಂಕ್ರಮಣದ ದಿನ ಬರಿಗಾಲಲ್ಲಿ ಹತ್ತಿದವನು. ನನಗೆ ಮಳೆ ಹೇಳಿಕೊಡಬೇಡಿ.

ಸೋಮವಾರಪೇಟೆ ಅಕ್ಕ:
ಸಂಕ್ರಮಣ ಅಕ್ಟೋಬರ್‌ನಲ್ಲಿ. ಜುಲೈ ಮಳೆಯಲ್ಲಿ ಹತ್ತಿ ತೋರಿಸಿ, ಆಮೇಲೆ ಮಾತಾಡೋಣ.

ಕುಟ್ಟ ಗಡಿ:
ಎಲ್ಲ ಓದಿದೆ. ವೆಸ್ಟರ್ನ್‌ನಲ್ಲಿ 49ನೇ ನಂಬರ್ ಬಸ್ಸು ಓಡುತ್ತೆ, ನಾನು ಹೋದಾಗ 2.25 ಡಾಲರ್. ಸುಸ್ತಾದ ಕಡೆ ಹತ್ತಿ, ನಾಲ್ಕು ಬೀದಿ ಬಿಟ್ಟು ಇಳಿದು ನಡೆದೆ. 79ನೇ ಬೀದಿಯಿಂದ ದಕ್ಷಿಣಕ್ಕೆ ಆ ಬಸ್ಸು ಇಲ್ಲ, ನೆನಪಿರಲಿ.

ಪೊನ್ನಂಪೇಟೆ ರೋಬಸ್ಟಾ:
ಬಸ್ಸು ಹತ್ತಿದವರು ನಡೆದೆ ಅನ್ನಬಾರದು.

ಸೋಮವಾರಪೇಟೆ ಅಕ್ಕ:
ಒಂದೂವರೆ ಮೈಲಿ ಅಣ್ಣಾ. ಒಂದೂವರೆ.

ಗೋಣಿಕೊಪ್ಪ ಸಿಸ್ಟರ್:
ಗಂಬೂಟು ಕೊಳ್ಳುವವರು ಒಳಗೆ ಬಟ್ಟೆಯ ಲೈನಿಂಗ್ ಇರುವುದೇ ತಗೊಳ್ಳಿ. ನಾವು ಈ ವರ್ಷ ತೋಟಕ್ಕೆ 495ರ ಲೆಕ್ಕದಲ್ಲಿ ತಂದೆವು, ಚೆನ್ನಾಗಿದೆ.

ಸಂಪಾಜೆ ಘಾಟಿ:
ಲೈನಿಂಗ್ ಇದ್ದು 495ಕ್ಕಾ? ನನಗೆ 640 ಹಾಕಿದ್ದಾನೆ. ಯಾವ ಕಡೆ ಸಿಕ್ಕಿತು ಹೇಳಿ ಅಕ್ಕ, ನಮ್ಮ ಲೈನ್ ಮನೆಯ ತೋಟದ ಕೆಲಸದವರಿಗೆ ಇನ್ನೂ ಆರು ಜೊತೆ ಬೇಕು. ಎಂಟು, ಒಂಬತ್ತು ನಂಬರ್.