ಚೂಪು ಕಮಾನಿನ ನೆತ್ತಿಯ ಬಳಿ ಬಿರುಕು: ಸಿಮೆಂಟ್ ತುಂಬಿಸಬಹುದೇ?

ಪ್ರಶ್ನೆ: ಸರ್, ಹಳೆಯ ಕಲ್ಲುಕಟ್ಟಡದಲ್ಲಿ 6 ಮೀಟರ್ ಅಗಲದ ಚೂಪು ಕಮಾನೊಂದಿದೆ. ನೆತ್ತಿಯ ತುದಿಯಿಂದ ಎರಡನೇ ಕಲ್ಲಿನ ಸಂದು ಒಳಬದಿಯಲ್ಲಿ ಬಾಯಿಬಿಟ್ಟಿದೆ. ಚೂಪು ಕಮಾನು ಪಕ್ಕಕ್ಕೆ ತಳ್ಳುವುದಿಲ್ಲ ಎನ್ನುತ್ತಾರಲ್ಲ, ಮತ್ತೆ ಬಿರುಕೇಕೆ? ಸಿಮೆಂಟ್ ತುಂಬಿಸಿದರೆ ಸಾಕೇ?

ಉತ್ತರ: ತಳ್ಳುತ್ತದೆ, ಕಡಿಮೆ ತಳ್ಳುತ್ತದೆ ಅಷ್ಟೇ. ಸಮನಾಗಿ ಹರಡಿದ ಭಾರಕ್ಕೆ ಸ್ಥೂಲವಾಗಿ ಲೆಕ್ಕ ಹಾಕಿ: ಮೀಟರಿಗಿಷ್ಟು ಎಂಬ ಭಾರವನ್ನು ಅಗಲದ ವರ್ಗದಿಂದ ಗುಣಿಸಿ, ಎತ್ತರದ 8 ಪಟ್ಟಿನಿಂದ ಭಾಗಿಸಿ. ಮೀಟರಿಗೆ 20 ಕಿಲೋನ್ಯೂಟನ್ (ಬಲದ ಅಳತೆ) ಭಾರವಿದ್ದರೆ, 3 ಮೀಟರ್ ಎತ್ತರದ ಅರ್ಧವೃತ್ತ ಕಮಾನು 30 ಕಿಲೋನ್ಯೂಟನ್ ತಳ್ಳುತ್ತದೆ. ಅಷ್ಟೇ ಅಗಲದ, 5.2 ಮೀಟರ್ ಎತ್ತರದ ಚೂಪು ಕಮಾನು ಸುಮಾರು 17. ಆದರೆ ಚೂಪು ಕಮಾನಿನ ಕಂಸ ಉದ್ದ, ಕಲ್ಲೂ ಹೆಚ್ಚು; ಹಾಗಾಗಿ ನಿಜವಾದ ಉಳಿತಾಯ ಇಷ್ಟಿರುವುದಿಲ್ಲ.

ಒಳಬದಿಯಲ್ಲಿ ಸಂದು ತೆರೆದಿದೆ ಎಂದರೆ ಬಲ ಹೊರಬದಿಯ ಅಂಚಿಗೆ ಸರಿದು ಅಲ್ಲಿ ಕೀಲು, ಅಂದರೆ ಕಲ್ಲುಗಳು ಬಾಗಿಲ ಕೀಲಿನಂತೆ ತಿರುಗುವ ಜಾಗ, ಮೂಡಿದೆ. ಮೊದಲು ಅನುಮಾನಿಸಬೇಕಾದದ್ದು ಆಸರೆಗಳು ಹೊರಕ್ಕೆ ಸರಿದಿವೆಯೇ ಎಂಬುದನ್ನು. ಬಿರುಕು ತುದಿಯಲ್ಲಿಲ್ಲದೆ ಪಕ್ಕದಲ್ಲಿರುವುದೂ ಇದಕ್ಕೆ ಹೊಂದುತ್ತದೆ: ತುದಿಯಲ್ಲಿ ಒಂಟಿ ಭಾರವಿಲ್ಲದಿದ್ದರೆ ಬಲರೇಖೆ (ಕಮಾನಿನೊಳಗೆ ಬಲ ಸಾಗುವ ದಾರಿ) ಅಲ್ಲಿ ಮಡಿಯದೆ ನಯವಾಗಿ ಬಾಗುತ್ತದೆ, ಹೊರ ಅಂಚನ್ನು ಇಕ್ಕೆಲಗಳಲ್ಲಿ ಮುಟ್ಟುತ್ತದೆ. ತೂಗುವ ಸರಪಳಿಯನ್ನು ತಲೆಕೆಳಗು ಮಾಡಿದರೆ ಸಿಗುವ ಆಕಾರ ಇದೇ. 1675ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದನ್ನು ಗುರುತಿಸಿದ್ದ.

ಒಂದು ಬಿರುಕಿಗೇ ಕಮಾನು ಬೀಳದು. ಮೂರು ಕೀಲುಗಳವರೆಗೂ ನಿಲ್ಲಬಲ್ಲದು, ನಾಲ್ಕನೆಯದು ಮೂಡಿದರೆ ಅಪಾಯ. ಆದ್ದರಿಂದ ಭುಜಗಳ (ನೆತ್ತಿಗೂ ಬುಡಕ್ಕೂ ನಡುವಿನ ಭಾಗ) ಹೊರಬದಿಯನ್ನೂ ಬುಡವನ್ನೂ ನೋಡಿ. ತೂಗುಗುಂಡು ಬಿಟ್ಟು ಕಂಬಗಳ ವಾಲುವಿಕೆ ಅಳೆಯಿರಿ, ಬಿರುಕಿಗೆ ಅಳತೆಪಟ್ಟಿ ಅಂಟಿಸಿ ತಾಪಮಾನದ ಜೊತೆ ಒಂದು ವರ್ಷ ಬರೆದಿಡಿ. ಬಿಸಿಲು-ಚಳಿಗೆ ತೆರೆದು ಮುಚ್ಚುವ ಬಿರುಕು ಬೇರೆ, ಒಂದೇ ದಿಕ್ಕಿಗೆ ಬೆಳೆಯುವುದು ಬೇರೆ.

ಸಿಮೆಂಟ್ ದಯವಿಟ್ಟು ಬೇಡ. ಅದು ಮೃದುಕಲ್ಲಿಗಿಂತ ಗಟ್ಟಿ, ತೇವವನ್ನೂ ಉಪ್ಪನ್ನೂ ಒಳಗೇ ಹಿಡಿದಿಡುತ್ತದೆ, ಕಲ್ಲಿನ ಅಂಚು ಉದುರುತ್ತದೆ. ಚಲನೆ ನಿಂತ ಮೇಲೆ ಸುಣ್ಣದ ಗಾರೆ ತುಂಬಿಸಿ.

ಪ್ರಶ್ನೆ: ಆಸರೆಗಳು ಸರಿಯುತ್ತಲೇ ಇದ್ದರೆ? ಮೇಲಿನ ಗೋಡೆ ಇಳಿಸಿ ಭಾರ ಕಡಿಮೆ ಮಾಡೋಣವೇ?

ಉತ್ತರ: ಸೆಂಟ್ರಿಂಗ್ (ಕಮಾನಿನ ಕೆಳಗೆ ಕೊಡುವ ತಾತ್ಕಾಲಿಕ ಆಸರೆ) ಕೊಡದೆ ಒಂದು ಕಲ್ಲನ್ನೂ ತೆಗೆಯಬೇಡಿ. ಭುಜದ ಭಾರ ಹಾಗೆಯೇ ಉಳಿದು ತುದಿ ಹಗುರಾದರೆ ಚೂಪು ಕಮಾನಿನ ನೆತ್ತಿ ಮೇಲಕ್ಕೇ ಚಿಮ್ಮಬಹುದು. ಆಗ ಬಿರುಕು ಹೊರಬದಿಯಲ್ಲಿ ತೆರೆಯುತ್ತದೆ. ತೆಗೆಯಲೇಬೇಕಾದರೆ ಎರಡೂ ಬದಿಯಲ್ಲಿ ಸಮಸಮವಾಗಿ, ತೆಳು ಪದರಗಳಲ್ಲಿ.

ಮೊದಲು ಅಡಿಪಾಯದ ನೀರು ಸೋರಿಕೆ, ಕುಸಿತ ಪರೀಕ್ಷಿಸಿ. ನಂತರ ಕಮಾನು ಹುಟ್ಟುವ ಮಟ್ಟದಲ್ಲಿ ಎರಡೂ ಬದಿಯನ್ನು ಹಿಡಿದಿಡುವ ಸ್ಟೇನ್‌ಲೆಸ್ ಸ್ಟೀಲ್ ಬಿಗಿಸರಳು ಹಾಕಿ. ಮೇಲಿನ ಲೆಕ್ಕದ 17 ಕಿಲೋನ್ಯೂಟನ್‌ಗೆ 20 ಮಿಲಿಮೀಟರ್ ಸರಳು ಧಾರಾಳ ಸಾಕು. ಸೋಲುವುದು ಸರಳಲ್ಲ, ಅದರ ತುದಿಯ ಫಲಕದ ಕೆಳಗಿನ ಕಲ್ಲು, ಫಲಕವನ್ನು ಅಗಲವಾಗಿಡಿ. ಕಮಾನನ್ನು ಹಳೆಯ ಸ್ಥಾನಕ್ಕೆ ಎಳೆಯಲು ಹೋಗಬೇಡಿ, ಸರಳಿನ ಸಡಿಲಿಕೆ ಇಲ್ಲವಾಗುವಷ್ಟೇ ಬಿಗಿ ಮಾಡಿ. ಮಾಮೂಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ.